ಚಪ್ಪಾಳೆ ಮಾಸ್ಟ್ರ ಮೊದಲ ಓಟು

ಕೆಲವರಿಗೆ ಕಂಠದಿಂದ ಹೆಸರು ಬರುತ್ತದೆ, ಕೆಲವರಿಗೆ ಕಾಸಿನಿಂದ. ಬೇಕರಿ ಮಾಸ್ಟ್ರಿಗೆ ಹೆಸರು ಬಂದದ್ದು ಅಂಗೈಯಿಂದ. ಮೀಸೆ ಮೂಡುವ ವಯಸ್ಸಿನಿಂದ ಮೀಸೆ ನರೆಯುವ ತನಕ ದಿನಾ ಬೆಳಿಗ್ಗೆ ಮೈದಾ ಹಿಟ್ಟನ್ನು ನಾದಿ, ಗುದ್ದಿ, ಮಡಚಿ, ತಿರುಗಾ ಗುದ್ದಿ ಅವರ ಅಂಗೈಗಳು ಲಟ್ಟಿಸುವ ಮಣೆಯಷ್ಟು ಗಟ್ಟಿಯಾಗಿದ್ದವು. ಅವೆರಡು ಒಂದಕ್ಕೊಂದು ತಾಗಿದರೆ ಪಕ್ಕದ ಬೀದಿಯ ಪಾರಿವಾಳಗಳು ಎದ್ದು ಹಾರುತ್ತಿದ್ದವು. ಪಕ್ಷದ ಸಭೆಯಲ್ಲಿ ಯಾರ ಹೆಸರು ಹೇಳಿದರೂ ಮೊದಲ ಚಪ್ಪಾಳೆ ಅವರದು. ಅವರು ತಟ್ಟುವ ತನಕ ಉಳಿದವರು ಸುಮ್ಮನೆ ಕೂತಿರುತ್ತಿದ್ದರು, ಅವರು ತಟ್ಟಿದರೆ ಮಹಡಿ ಕುಸಿಯುವ ಹಾಗೆ ಎಲ್ಲರೂ ತಟ್ಟುತ್ತಿದ್ದರು. ಹೀಗಾಗಿ ಊರಿಗೆಲ್ಲ ಅವರು ಚಪ್ಪಾಳೆ ಮಾಸ್ಟ್ರು. ಬಾಗಿಲಿಗೆ ಬರುವ ಅಂಚೆಯವನೂ ಹಾಗೇ ಕೂಗುತ್ತಿದ್ದ, ಮಾಸ್ಟ್ರಿಗೆ ಅದರಿಂದ ಒಳಗೊಳಗೇ ಹಿಗ್ಗು.

ಈ ಪಟ್ಟ ಸಿಕ್ಕಿದ ಬಗೆ ಮಾತ್ರ ಹೊರಗೆ ಹೇಳಿಕೊಳ್ಳುವಂಥದ್ದಲ್ಲ. ಅವರ ಪಕ್ಷದ ಊರ ಘಟಕಕ್ಕೆ ಬಣ್ಣದ ಅಂಗಡಿಯ ಮೇಲಿನ ಮಹಡಿಯೇ ಕಚೇರಿ. ಅಧ್ಯಕ್ಷರನ್ನು ಆರಿಸುವ ಪದ್ಧತಿ ಬಲು ಸರಳವಾಗಿತ್ತು. ನಾಲ್ಕು ಜನ ದೊಡ್ಡವರು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು. ಹೊರಗೆ ಸದಸ್ಯರು ಕಬ್ಬಿಣದ ಕುರ್ಚಿಗಳ ಮೇಲೆ ಆಕಳಿಸುತ್ತ ಕೂರುವುದು. ಬಾಗಿಲು ತೆರೆದ ಮೇಲೆ ಕಾರ್ಯದರ್ಶಿ ಒಂದು ಹೆಸರು ಹೇಳುವುದು, ಸಭೆ ಚಪ್ಪಾಳೆ ತಟ್ಟುವುದು. ಆ ಚಪ್ಪಾಳೆಯೇ ಓಟು, ಅದೇ ಎಣಿಕೆ, ಅದೇ ಫಲಿತಾಂಶ.

ಅಂಥದ್ದೊಂದು ಸಭೆಗೆ ಬೇಕರಿಯಿಂದ ಬನ್ನು ಹೊತ್ತುಕೊಂಡು ಹೋದವನು ಆಗಿನ್ನೂ ಹುಡುಗನಾಗಿದ್ದ ನಮ್ಮ ಮಾಸ್ಟ್ರು. ಅವನಿಗೆ ಪಕ್ಷ ಗೊತ್ತಿಲ್ಲ, ಅಧ್ಯಕ್ಷ ಗೊತ್ತಿಲ್ಲ. ಕಾರ್ಯದರ್ಶಿ ಹೆಸರು ಹೇಳಿದ್ದಾರೆ, ಸಭೆಯಲ್ಲಿ ಯಾರಿಗೂ ಆ ಹೆಸರು ಅಷ್ಟಾಗಿ ಹಿಡಿಸಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಿದ್ದಾರೆ. ಅದೇ ಗಳಿಗೆಯಲ್ಲಿ ಹಿಂದುಗಡೆ ಟ್ರೇ ಇಳಿಸಿದ ಹುಡುಗ, ಕೈಗಂಟಿದ ಹಿಟ್ಟು ಕೊಡವಿಕೊಳ್ಳಲು ಎರಡು ಅಂಗೈಗಳನ್ನು ಪಟಪಟನೆ ಬಡಿದ. ಮುಂದೆ ಕೂತವರು, ಹಿಂದಿನವರು ಒಪ್ಪಿದರು ಅಂದುಕೊಂಡು ತಟ್ಟಿದರು. ಮುಂದಿನವರು ತಟ್ಟಿದರಲ್ಲ ಅಂತ ಹಿಂದಿನವರೂ ತಟ್ಟಿದರು. ಹಿಟ್ಟಿನ ಧೂಳಿನಲ್ಲಿ ಅಧ್ಯಕ್ಷರಾದ ಆ ಮಹಾನುಭಾವರು ಹತ್ತು ವರ್ಷಕ್ಕೂ ಮಿಕ್ಕಿ ಕುರ್ಚಿ ಬಿಟ್ಟೇಳಲಿಲ್ಲ. ಅವತ್ತೇ ಹುಡುಗನ ಹೆಗಲ ಮೇಲೆ ಕೈಯಿಟ್ಟು, ನನ್ನನ್ನು ಮೊದಲು ಗುರುತಿಸಿದವನು ನೀನು ಅಂತ ಕಣ್ಣೊದ್ದೆ ಮಾಡಿಕೊಂಡು ಸದಸ್ಯತ್ವ ಕೊಡಿಸಿದರು. ತಾನಾಗಿ ಬಂದ ಗೌರವವನ್ನು ಬೇಡವೆನ್ನಲು ಯಾರಿಗೆ ತಾನೆ ಬಾಯಿ ಬರುತ್ತದೆ?

ಆಮೇಲೆ ಅದು ಅಭ್ಯಾಸವಾಯಿತು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ, ಕಲಿತ ಗುಣವೂ ಭಟ್ಟಿಯ ಮುಂದೆ ನಿಂತವನಿಗೆ ಬೇಗ ಹೋಗುವುದಿಲ್ಲ. ಹೆಸರೊಂದು ಕೇಳಿ, ಅದರ ಹಿಂದೆ ಒಂದಿಷ್ಟು ಮೌನ ಬಂತೆಂದರೆ ಮಾಸ್ಟ್ರ ಕೈಗಳು ತಾವಾಗಿ ಎದ್ದುಬಿಡುತ್ತಿದ್ದವು. ಯಾರ ಹೆಸರು ಅಂತ ತಲೆಗೆ ತಿಳಿಯುವಷ್ಟರಲ್ಲಿ ಅಂಗೈ ತನ್ನ ಕೆಲಸ ಮುಗಿಸಿರುತ್ತಿತ್ತು. ಒಮ್ಮೆ ನೆಂಟರ ಮದುವೆಯಲ್ಲಿ ಯಾರೋ ಮೈಕಿನಲ್ಲಿ ಕಳೆದುಹೋದ ಮಗುವಿನ ಹೆಸರು ಕೂಗಿದ್ದಕ್ಕೂ ತಟ್ಟಿದ್ದರು.

ಇಂಥವರಿಗೆ ಗಂಟುಬಿದ್ದವರು ಟೈಲರಮ್ಮ. ಬೇಕರಿಯ ಎದುರು ಕಿಟಕಿಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದ ಆಕೆಯ ಹತ್ತಿರ ಮಾಸ್ಟ್ರು, ಹರಿಯದ ಏಪ್ರನ್ನುಗಳನ್ನೂ ಹರಿದಿದೆ ಅಂತ ಹೊತ್ತುಕೊಂಡು ಹೋಗಿ ಹೋಗಿ ಕೊನೆಗೆ ಮದುವೆಯಾದರು. ಟೈಲರಮ್ಮ ಪಕ್ಷಕ್ಕೆ ಬಂದದ್ದು ಗಂಡನ ಸೆರಗು ಹಿಡಿದಲ್ಲ. ಮದುವೆಗೆ ಮುಂಚೆಯೇ ಸದಸ್ಯೆ. ಪಕ್ಷ ಏನು ಹೇಳುತ್ತದೆ ಅಂತ ಓದಿ, ಒಪ್ಪಿ, ಸೇರಿದವರು. ಚುನಾವಣೆ ಬಂದರೆ ಬಾವುಟ ಹೊಲಿಯುವುದು ಅವರೇ, ಮೆಟ್ಟಿಲು ಹತ್ತಿ ಮನೆಮನೆಯ ಗಂಟೆ ಒತ್ತುವುದೂ ಅವರೇ. ಆಕೆಗಿದ್ದದ್ದು ಒಂದೇ ತಕರಾರು, ಅದನ್ನು ಪ್ರತಿ ಸಭೆಯಲ್ಲೂ ಎದ್ದು ನಿಂತು ಹೇಳುತ್ತಿದ್ದರು: ಗೋಡೆಗೆ ಪೋಸ್ಟರ್ ಅಂಟಿಸೋಕೆ ನಾವು, ಕುರ್ಚಿ ಜೋಡಿಸೋಕೆ ನಾವು, ಅಧ್ಯಕ್ಷರನ್ನ ಆರಿಸೋಕೆ ಮಾತ್ರ ಒಳಕೋಣೆ ಯಾಕೆ? ನಮ್ಮನ್ನೂ ಒಂದು ಮಾತು ಕೇಳಿ.

ಕಾರ್ಯದರ್ಶಿ ಅಂದರೆ ಕೆಳಗಿನ ಬಣ್ಣದ ಅಂಗಡಿಯ ಯಜಮಾನರು. ಅವರು ನಗುನಗುತ್ತಲೇ ತಲೆಯಾಡಿಸಿ, ಖಂಡಿತ ಯೋಚಿಸೋಣ ಅನ್ನುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಕಳೆದ ಸಲವಂತೂ ಟೈಲರಮ್ಮ ಗಟ್ಟಿ ಮನಸ್ಸು ಮಾಡಿ, ಹೆಸರು ಹೇಳಿದ ತಕ್ಷಣ ಕೈಯೆತ್ತಿ ಎದ್ದರು, ನನ್ನದೊಂದು ಆಕ್ಷೇಪಣೆ ಇದೆ ಅಂತ ಬಾಯಿ ತೆರೆದರು. ಅಷ್ಟರಲ್ಲಿ ಪಕ್ಕದ ಕುರ್ಚಿಯಿಂದ ಗಂಡನ ಚಪ್ಪಾಳೆ ಸಿಡಿಯಿತು. ಸಭೆಯೆಲ್ಲ ಸಿಡಿಯಿತು. ಆಕೆಯ ಬಾಯಿ ತೆರೆದದ್ದು ಕಂಡಿತು, ಮಾತು ಯಾರಿಗೂ ಕೇಳಿಸಲಿಲ್ಲ. ಆ ವಾರವೆಲ್ಲ ಮನೆಯಲ್ಲಿ ಹೊಲಿಗೆ ಯಂತ್ರ ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಾಸ್ಟ್ರು ಬಿಸಿ ಬ್ರೆಡ್ಡಿನ ಮೇಲೆ ಹಿಟ್ಟಿನಿಂದಲೇ ಗುಲಾಬಿ ಮಾಡಿ ತಂದಿಟ್ಟರೂ ಅದು ಹಾಗೇ ಒಣಗಿತು. ಹೆಂಡತಿಯ ಮಾತನ್ನು ತನ್ನ ಕೈಯೇ ನುಂಗಿತಲ್ಲ ಅನ್ನುವ ನೋವು ಅವರಿಗೆ ನಿಜವಾಗಿಯೂ ನಾಟಿತ್ತು.

ಹೀಗಿರುವಾಗ ಪಕ್ಷದ ಕೇಂದ್ರ ಕಚೇರಿಯಿಂದ ಹೊಸ ನಿಯಮ ಬಂತು. ಇನ್ನು ಮುಂದೆ ಘಟಕದ ಅಧ್ಯಕ್ಷರನ್ನು ಸಾಮಾನ್ಯ ಸದಸ್ಯರೇ ಗುಟ್ಟಿನ ಮತದಾನದಿಂದ ಆರಿಸಬೇಕು. ಮೇಲಿನಿಂದ ಒಬ್ಬ ವೀಕ್ಷಕರು ಬಂದು ಕೂರುತ್ತಾರೆ. ಟೈಲರಮ್ಮ ಸುದ್ದಿ ಕೇಳಿ, ಅರ್ಧ ಹೊಲಿದ ಕಾಲರನ್ನು ಯಂತ್ರದಲ್ಲೇ ಬಿಟ್ಟು ಬೇಕರಿಗೆ ಓಡಿ ಬಂದರು. ಮದುವೆಯ ದಿನವೂ ಆಕೆ ಅಷ್ಟು ಅರಳಿದ್ದನ್ನು ಮಾಸ್ಟ್ರು ಕಂಡಿರಲಿಲ್ಲ. ಅಧ್ಯಕ್ಷ ಸ್ಥಾನಕ್ಕೆ ಇಬ್ಬರು ನಿಂತರು. ಒಬ್ಬರು ಒಳಕೋಣೆಯವರಿಗೆ ಬೇಕಾದ ವಕೀಲರು, ಸಭ್ಯಸ್ಥರು, ಮಾತಿನಲ್ಲಿ ಬೆಣ್ಣೆ. ಇನ್ನೊಬ್ಬರು ಆಸ್ಪತ್ರೆಯಿಂದ ನಿವೃತ್ತರಾದ ನರ್ಸಮ್ಮ, ನೇರ ಮಾತು, ಮೂಗಿನ ತುದಿಯಲ್ಲಿ ಸಿಟ್ಟು. ಟೈಲರಮ್ಮ ಬಹಿರಂಗವಾಗಿ ನರ್ಸಮ್ಮನ ಕಡೆ.

ಆದರೆ ನಿಯಮದ ಬಾಲದಲ್ಲೊಂದು ಷರತ್ತಿತ್ತು. ಸಭೆಯೇ ಒಮ್ಮತದಿಂದ ಒಬ್ಬರನ್ನು ಒಪ್ಪಿದರೆ ಮತದಾನ ಬೇಕಿಲ್ಲ. ಕಾರ್ಯದರ್ಶಿ ಆ ಸಾಲನ್ನು ಓದುವಾಗ ಸ್ವಲ್ಪ ನಿಧಾನವಾಗಿ, ಸ್ವಲ್ಪ ಸವಿದು ಓದಿದರು. ಆ ರಾತ್ರಿ ಊಟಕ್ಕೆ ಕೂತಾಗ ಟೈಲರಮ್ಮ ತಟ್ಟೆ ಸರಿಸಿ ಗಂಡನನ್ನೇ ನೋಡಿದರು.

"ಆ ಷರತ್ತು ಅಂದ್ರೆ ಬೇರೆ ಯಾರೂ ಅಲ್ಲ ರೀ, ನೀವೇ. ನೀವು ಒಂದು ಸಲ ತಟ್ಟಿದ್ರೆ ನನ್ನ ಓಟು ಹೋಯ್ತು."

ಮಾಸ್ಟ್ರು ಅನ್ನ ಮುಟ್ಟಿ ಆಣೆ ಮಾಡಿದರು. ಆಣೆ ಮಾಡಿದ್ದು ಬಾಯಿ, ತಟ್ಟುವುದು ಕೈ ಅಂತ ಟೈಲರಮ್ಮನಿಗೆ ಗೊತ್ತಿತ್ತು. ಆದ್ದರಿಂದ ಆಕೆ ದೇವರ ಮೇಲೆ ಭಾರ ಹಾಕದೆ ಬನ್ನಿನ ಮೇಲೆ ಹಾಕಿದರು. ಸಭೆಗೆ ಬರುವವರಿಗೆಲ್ಲ ತಿನ್ನಲು ಬನ್ನು ಬೇಕಲ್ಲ, ಮತದಾನ ಶುರುವಾಗುವ ತನಕ ಆ ಟ್ರೇಯನ್ನು ನೀವೇ ಎರಡು ಕೈಯಲ್ಲಿ ಹಿಡಿದುಕೊಂಡು ನಿಲ್ಲಬೇಕು, ಕೆಳಗಿಡಕೂಡದು ಅಂತ ಅಪ್ಪಣೆಯಾಯಿತು. ಎರಡು ಕೈ ಸೇರಿದರೆ ತಾನೆ ಚಪ್ಪಾಳೆ? ಮಾಸ್ಟ್ರಿಗೂ ಈ ಉಪಾಯ ಹಿಡಿಸಿತು, ಹಿಂದಿನ ದಿನ ಒಂದೆರಡು ಸಲ ಅಡುಗೆಮನೆಯಲ್ಲಿ ಟ್ರೇ ಹಿಡಿದು ನಿಂತು ಅಭ್ಯಾಸವನ್ನೂ ಮಾಡಿದರು. ಹೆಂಡತಿ ಎದುರು ನಿಂತು ಇದ್ದಬದ್ದ ಹೆಸರುಗಳನ್ನೆಲ್ಲ ಕೂಗಿದರು. ಟ್ರೇ ನಡುಗಿತು, ಬೀಳಲಿಲ್ಲ.

ಮತದಾನದ ಏರ್ಪಾಡಿನಲ್ಲೂ ಗಂಡಹೆಂಡಿರದೇ ಕೈವಾಡ. ರಸ್ಕಿನ ತಗಡಿನ ಡಬ್ಬದ ಮುಚ್ಚಳಕ್ಕೆ ಸೀಳು ಕೊರೆದು ಮತಪೆಟ್ಟಿಗೆ ಮಾಡಿದ್ದು ಮಾಸ್ಟ್ರು. ಮೂಲೆಗೆ ಕಟ್ಟುವ ಪರದೆ ಹೊಲಿದದ್ದು ಟೈಲರಮ್ಮ, ಪಕ್ಷದ ಹಳೆಯ ಬ್ಯಾನರಿನ ಬಟ್ಟೆಯಲ್ಲಿ. ಅದರ ಮೇಲೆ ಹಿಂದಿನ ಅಧ್ಯಕ್ಷರ ಆಳೆತ್ತರದ ಮುಖವಿತ್ತು. ಓಟು ಹಾಕುವಾಗ ಅವರು ಕಣ್ಣುಬಿಟ್ಟುಕೊಂಡು ನೋಡುವುದು ಬೇಡ ಅಂತ ಆಕೆ ಮುಖವನ್ನು ಹೊರಗೆ ಮಾಡಿ ಹೊಲಿದಿದ್ದರು.

ಭಾನುವಾರ ಬೆಳಿಗ್ಗೆ ಮಹಡಿ ತುಂಬಿತು. ಬಣ್ಣದ, ಟರ್ಪೆಂಟೈನಿನ ವಾಸನೆಯ ನಡುವೆ ಬಿಸಿ ಬನ್ನಿನ ಪರಿಮಳ ಎದ್ದಿತು. ಮಾಸ್ಟ್ರು ಹಿಂದಿನ ಗೋಡೆಗೆ ಒರಗಿ ಟ್ರೇ ಹಿಡಿದು ನಿಂತಿದ್ದರು. ಬಂದವರೆಲ್ಲ ಒಂದೊಂದು ಬನ್ನು ಎತ್ತಿಕೊಂಡು ಹೋಗಿ ಟ್ರೇ ಹಗುರವಾಗಿತ್ತು, ಆದರೂ ಅವರು ಅದನ್ನು ತೊಟ್ಟಿಲ ಮಗುವಿನಂತೆ ಬಿಗಿಯಾಗಿ ಹಿಡಿದಿದ್ದರು. ಟೈಲರಮ್ಮ ಮುಂದಿನ ಸಾಲಿನಿಂದ ಆಗಾಗ ತಿರುಗಿ ನೋಡಿ, ಟ್ರೇ ಇದೆಯೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ವಿಧಿ ಒಳ್ಳೆಯ ಮನುಷ್ಯನ ರೂಪದಲ್ಲಿ ಬಂತು. ತಡವಾಗಿ ಮೆಟ್ಟಿಲು ಹತ್ತಿ ಬಂದ ವಕೀಲರು, ವಯಸ್ಸಾದ ಮನುಷ್ಯ ಭಾರ ಹೊತ್ತು ನಿಂತದ್ದನ್ನು ಕಂಡು ಕರಗಿಬಿಟ್ಟರು. ಕೊಡಿ ಮಾಸ್ಟ್ರೇ, ಎಷ್ಟು ಹೊತ್ತಿಂದ ನಿಂತಿದ್ದೀರೋ ಏನೋ ಅನ್ನುತ್ತ, ಮಾಸ್ಟ್ರು ಬೇಡ ಬೇಡವೆಂದರೂ ಬಿಡದೆ, ಟ್ರೇ ಕಿತ್ತುಕೊಂಡು ಮೇಜಿನ ಮೇಲಿಟ್ಟು, ಅವರನ್ನು ಕುರ್ಚಿಯಲ್ಲಿ ಕೂರಿಸಿಯೇ ಮುಂದೆ ಹೋದರು. ಪಾಪ, ಆತನಿಗೆ ಯಾವ ಕಪಟವೂ ಗೊತ್ತಿರಲಿಲ್ಲ. ಅದೇ ಹೊತ್ತಿಗೆ ಕಾರ್ಯದರ್ಶಿ ಎದ್ದರು. ಅಧ್ಯಕ್ಷ ಸ್ಥಾನಕ್ಕೆ ಅಭ್ಯರ್ಥಿಗಳು, ಅಂತ ಹೇಳಿ ವಕೀಲರ ಹೆಸರು ಓದಿದರು. ಓದಿ, ನಿಲ್ಲಿಸಿ, ನೀರಿನ ಲೋಟ ಎತ್ತಿಕೊಂಡರು. ನಿಜವಾಗಿಯೂ ಗಂಟಲು ಒಣಗಿತ್ತೆಂದು ಅವರು ಈಗಲೂ ಹೇಳುತ್ತಾರೆ. ಟೈಲರಮ್ಮ ಮೂಗು ಮುರಿಯುತ್ತಾರೆ.

ಹೆಸರು ಬಂತು, ಹೆಸರಿನ ಹಿಂದೆ ಮೌನ ಬಂತು, ಕೈಗಳು ಖಾಲಿ ಇದ್ದವು. ಪಟ್.

ಆಮೇಲೆ ಹೇಳುವುದೇನು! ಸಭೆಗೆ ಸಭೆಯೇ ಚಪ್ಪಾಳೆ. ಬಾಯಲ್ಲಿ ಬನ್ನು ಇದ್ದವರೂ ತಟ್ಟಿದರು, ನರ್ಸಮ್ಮನ ಪಕ್ಕದಲ್ಲಿ ಕೂತವರೂ ತಟ್ಟಿದರು. ಕಾರ್ಯದರ್ಶಿ ಲೋಟ ಕೆಳಗಿಟ್ಟು ವೀಕ್ಷಕರ ಕಡೆ ಬಾಗಿ, ನೋಡಿದಿರಲ್ಲ, ಒಮ್ಮತ ಅಂದರೆ ಇದು, ಇನ್ನು ಡಬ್ಬ ಪರದೆ ಎಲ್ಲ ಯಾಕೆ ಅಂದರು. ವೀಕ್ಷಕರು ಪೆನ್ನು ತೆರೆದರು. ಟೈಲರಮ್ಮ ಎದ್ದು ನಿಂತಿದ್ದರು, ಏನೋ ಹೇಳುತ್ತಿದ್ದರು, ಚಪ್ಪಾಳೆಯ ಅಬ್ಬರದಲ್ಲಿ ಈ ಸಲವೂ ಬಾಯಿ ಮಾತ್ರ ಆಡುವುದು ಕಂಡಿತು. ಆಕೆ ಗಂಡನ ಕಡೆ ತಿರುಗಿದರು. ಬೈಗುಳವಿದ್ದಿದ್ದರೆ ಮಾಸ್ಟ್ರು ತಡೆದುಕೊಳ್ಳುತ್ತಿದ್ದರು. ಆ ಮುಖದಲ್ಲಿ ಬೈಗುಳವಿರಲಿಲ್ಲ, ಇಷ್ಟೇ ನಮ್ಮ ಹಣೆಬರಹ ಅನ್ನುವ ಸೋಲಿತ್ತು. ಅದನ್ನು ಮಾಸ್ಟ್ರಿಗೆ ನೋಡಲಾಗಲಿಲ್ಲ.

ಸಭೆಯಲ್ಲಿ ಅವರು ಯಾವತ್ತೂ ಬಾಯಿ ತೆರೆದವರಲ್ಲ. ಈ ಸಲ ಎದ್ದು ನಿಂತರು. ಸ್ವಾಮಿ, ಅಂದರು. ನನ್ನ ಚಪ್ಪಾಳೆ ಲೆಕ್ಕಕ್ಕೆ ಹಿಡಿಯಬೇಡಿ, ಅದು ಅಭ್ಯಾಸ ಬಲ, ಅಂದರು. ಕಾರ್ಯದರ್ಶಿ ನಕ್ಕು, ನಿಮ್ಮದೊಂದು ಬಿಡೋಣ ಮಾಸ್ಟ್ರೇ, ಇಷ್ಟು ಜನ ತಟ್ಟಿದ್ದು ಸುಳ್ಳಾಗುತ್ತಾ ಅಂತ ಕೇಳಿದರು. ಮಾತಿಗೆ ಮಾತು ಜೋಡಿಸಲು ಮಾಸ್ಟ್ರಿಗೆ ಬಾರದು. ಏನು ಮಾಡಲೂ ತೋಚದೆ ಕೆಳಗೆ ನೋಡಿದರೆ ಅಂಗೈ ತುಂಬ ಬನ್ನಿನ ಪುಡಿ. ಆಗ ಹಳೆಯದೆಲ್ಲ ಒಮ್ಮೆಲೇ ನೆನಪಿಗೆ ಬಂತು. ಅವರು ಕೈಗಳನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ, ಪುಡಿ ಕೊಡವಿಕೊಳ್ಳಲು ಪಟಪಟನೆ ಬಡಿದರು.

ಸಭೆ ಚಪ್ಪಾಳೆ ತಟ್ಟಿತು. ಯಾರ ಹೆಸರೂ ಇಲ್ಲ, ಯಾವ ಮಾತೂ ಇಲ್ಲ, ಸುಮ್ಮನೆ ತಟ್ಟಿತು. ವೀಕ್ಷಕರ ಕೈಗಳೂ ಅರ್ಧ ಎದ್ದಿದ್ದವು.

ಸದ್ದು ಇಳಿಯುವ ತನಕ ಮಾಸ್ಟ್ರು ಕಾದರು. "ನಾನು ಬನ್ನಿನ ಪುಡಿ ಕೊಡವಿಕೊಂಡೆ ಅಷ್ಟೇ. ನೀವೆಲ್ಲ ಈಗ ಯಾರನ್ನ ಆರಿಸಿದ್ರಿ?"

ಮೊದಲು ನರ್ಸಮ್ಮ ಗೊಳ್ಳೆಂದು ನಕ್ಕರು. ಆ ನಗು ಸಾಲಿನಿಂದ ಸಾಲಿಗೆ ಹಬ್ಬಿ, ತಮ್ಮ ಕೈಗಳನ್ನು ತಾವೇ ತಿರುಗಿಸಿ ನೋಡಿಕೊಂಡು ಎಲ್ಲರೂ ನಕ್ಕರು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ವಕೀಲರೇ ಎದ್ದು, ಕಿವಿಯ ತನಕ ಕೆಂಪಾಗಿ, ಬನ್ನಿನ ಪುಡಿಗೆ ಬೀಳುವ ಚಪ್ಪಾಳೆಯಲ್ಲಿ ನನಗೆ ಅಧ್ಯಕ್ಷಗಿರಿ ಬೇಡ, ಓಟು ಆಗಲಿ ಅಂದರು. ವೀಕ್ಷಕರು ಪೆನ್ನು ಮುಚ್ಚಿ ರಸ್ಕಿನ ಡಬ್ಬವನ್ನು ಮೇಜಿನ ಮಧ್ಯಕ್ಕೆ ಎಳೆದುಕೊಂಡರು.

ಓಟಿಗೆ ಮೊದಲು ನಿಂತವರು ಟೈಲರಮ್ಮ. ತಾವೇ ಹೊಲಿದ ಪರದೆಯನ್ನು ತಾವೇ ಸರಿಸಿ ಒಳಗೆ ಹೋಗಿ, ದಾರ ಕಡಿಯುವಷ್ಟು ಹೊತ್ತಿನಲ್ಲಿ ಗುರುತು ಹಾಕಿ ಹೊರಗೆ ಬಂದರು. ಎಷ್ಟೋ ವರ್ಷದಿಂದ ಅಳತೆ ತೆಗೆದಿಟ್ಟ ಬಟ್ಟೆ ಅದು, ಕತ್ತರಿಸುವುದಷ್ಟೇ ಬಾಕಿಯಿತ್ತು. ಚೀಟಿಯನ್ನು ಡಬ್ಬಕ್ಕೆ ಹಾಕಿ, ಒಳಗೆ ಬಿತ್ತೋ ಇಲ್ಲವೋ ಅಂತ ಡಬ್ಬವನ್ನೊಮ್ಮೆ ಅಲುಗಾಡಿಸಿಯೂ ನೋಡಿದರು.

ಮಾಸ್ಟ್ರ ಸರದಿ ಬಂದಾಗ ತಮಾಷೆಯಾಯಿತು. ಪರದೆಯ ಹಿಂದೆ ಹೋದವರು ಬರಲೇ ಇಲ್ಲ. ಚೀಟಿಯ ಮೇಲೆ ಎರಡು ಹೆಸರು, ಕೈಯಲ್ಲೊಂದು ಪೆನ್ಸಿಲು, ಸುತ್ತ ಯಾರೂ ಇಲ್ಲ. ಯಾರು ಬೇಕು ಅಂತ ಅವರನ್ನು ಯಾರೂ ಇಲ್ಲಿಯವರೆಗೆ ಕೇಳಿರಲಿಲ್ಲ, ಅವರೂ ತಮ್ಮನ್ನು ಕೇಳಿಕೊಂಡಿರಲಿಲ್ಲ. ವಕೀಲರು ಬೇಕರಿಯ ಬಾಡಿಗೆ ತಕರಾರನ್ನು ಬಿಡಿಗಾಸೂ ಮುಟ್ಟದೆ ಬಗೆಹರಿಸಿಕೊಟ್ಟವರು, ಇವತ್ತು ಕೈಯಿಂದ ಭಾರ ಇಳಿಸಿದವರು. ಆದರೆ ಪೋಸ್ಟರ್ ಅಂಟಿಸುವ ದಿನ ಒಮ್ಮೆಯಾದರೂ ಕಂಡವರೇ? ನರ್ಸಮ್ಮ ಭಟ್ಟಿಯಲ್ಲಿ ಸುಟ್ಟ ಕೈಗೆ ದಿನಾ ಬಂದು ಪಟ್ಟಿ ಕಟ್ಟಿದವರು, ಮಳೆಯಲ್ಲೂ ಮನೆಮನೆ ತಿರುಗಿದವರು. ಆದರೆ ಆ ಸಿಟ್ಟಿಗೆ ಅರ್ಧ ಘಟಕ ಓಡಿಹೋದರೆ? ಹೆಂಡತಿ ಹೇಳಿದವರಿಗೆ ಹಾಕಿದರೆ ಅದು ಹೆಂಡತಿಗೆ ಹೊಡೆದ ಚಪ್ಪಾಳೆಯಾಗುವುದಿಲ್ಲವೇ? ಮಾಸ್ಟ್ರ ಹಣೆಯಲ್ಲಿ ಬೆವರು ಮೂಡಿತು, ಭಟ್ಟಿಯ ಮುಂದೆ ನಿಂತಾಗಲೂ ಅಷ್ಟು ಬೆವರಿರಲಿಲ್ಲ. ಹೊರಗೆ ಸಾಲಿನಲ್ಲಿದ್ದವರು ಕೆಮ್ಮತೊಡಗಿದರು. ಕೊನೆಗೆ ಹಿಂದಿನ ಅಧ್ಯಕ್ಷರ ಮುಖದ ಆಚೆಯಿಂದ ಟೈಲರಮ್ಮನ ದನಿ ಬಂತು, ರೀ, ನಿದ್ದೆ ಬಂತಾ ಅಂತ. ಸಭೆ ಮತ್ತೊಮ್ಮೆ ನಕ್ಕಿತು. ಮಾಸ್ಟ್ರು ಪೆನ್ಸಿಲು ಒತ್ತಿ ಗುರುತು ಹಾಕಿದರು. ಯಾರಿಗೆ ಅಂತ ಕಥೆ ಹೇಳುವವರಿಗೂ ಅವರು ಹೇಳಿಲ್ಲ.

ಡಬ್ಬ ತೆರೆದು, ರಸ್ಕಿನ ಚೂರುಗಳನ್ನು ಬದಿಗೆ ಸರಿಸಿ, ವೀಕ್ಷಕರು ಒಂದೊಂದೇ ಚೀಟಿಯನ್ನು ಎಲ್ಲರಿಗೂ ತೋರಿಸಿ ಎಣಿಸಿದರು. ಗೆದ್ದವರು ವಕೀಲರು. ಒಂದೆರಡು ಓಟಿನ ಅಂತರ ಅಷ್ಟೇ, ನರ್ಸಮ್ಮ ಹಿಂದೆಯೇ ಇದ್ದರು. ವಕೀಲರು ಹೆಸರು ಕೇಳಿ ಬೀಗಲಿಲ್ಲ, ಎದುರು ಗುಡ್ಡೆಯಾಗಿ ಕೂತ ಇನ್ನೊಂದು ರಾಶಿ ಚೀಟಿಯನ್ನೇ ನೋಡುತ್ತ ನಿಂತರು. ಆಮೇಲೆ ಮುಂದಿನ ಪೋಸ್ಟರ್ ಕೆಲಸಕ್ಕೆ ತಾವೂ ಬರುವುದಾಗಿ, ನರ್ಸಮ್ಮ ತಮ್ಮ ಪಕ್ಕದಲ್ಲೇ ಕೂತು ದಾರಿ ತೋರಿಸಬೇಕೆಂದು ಕೇಳಿಕೊಂಡರು. ಅದಾಗಲಿ ನೋಡೋಣ, ಅಂಟಿನ ಬಕೆಟ್ಟು ನಿಮ್ಮ ಕೈಯಲ್ಲೇ ಕೊಡ್ತೀನಿ ಅಂದರು ನರ್ಸಮ್ಮ.

ವೀಕ್ಷಕರು ಎದ್ದು ಗೆದ್ದವರ ಹೆಸರನ್ನು ಮತ್ತೊಮ್ಮೆ ಗಟ್ಟಿಯಾಗಿ ಓದಿದರು, ಆಗ ಬಂತು ಆ ಮೌನ. ಹೆಸರಿನ ಹಿಂದಿನ ಮೌನ. ಎಲ್ಲರೂ ಅಭ್ಯಾಸದಂತೆ ಮಾಸ್ಟ್ರ ಕಡೆ ತಿರುಗಿದರು. ಮಾಸ್ಟ್ರ ಕೈಗಳು ತೊಡೆಯ ಮೇಲೆ ಕಲ್ಲಾಗಿ ಕೂತಿದ್ದವು. ಅವರ ಕಣ್ಣು ಹೆಂಡತಿಯ ಮೇಲಿತ್ತು. ಆಕೆಯ ಕಡೆಯವರು ಸೋತಿದ್ದಾರೆ, ಈಗ ತಾನು ತಟ್ಟಿದರೆ ಆಕೆಯ ಬಾಯಿಯನ್ನು ಮೂರನೆಯ ಸಲ ಮುಚ್ಚಿದಂತೆ. ಜನ ಕಾದರು. ಕುರ್ಚಿಗಳು ಕಿರುಗುಟ್ಟಿದವು.

ಟೈಲರಮ್ಮ ಎದ್ದರು. ಈ ಸಲ ಆಕೆ ಬಾಯಿ ತೆರೆಯಲಿಲ್ಲ. ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳ ಎರಡು ಪುಟ್ಟ ಕೈಗಳನ್ನೆತ್ತಿ ಚಪ್ಪಾಳೆ ತಟ್ಟಿದರು. ತೆಳ್ಳನೆಯ ಸದ್ದು, ಆದರೆ ಕೊನೆಯ ಸಾಲಿನ ತನಕ ಕೇಳಿಸಿತು. ಮಾಸ್ಟ್ರು ಜೀವಮಾನದಲ್ಲಿ ಮೊದಲ ಸಲ ಎರಡನೆಯವರಾಗಿ ತಟ್ಟಿದರು.

ಮನೆಗೆ ಹೋಗುವಾಗ ಖಾಲಿ ಟ್ರೇ ಮಾಸ್ಟ್ರ ಕಂಕುಳಲ್ಲಿತ್ತು, ಮಡಚಿದ ಪರದೆ ಟೈಲರಮ್ಮನ ಹೆಗಲ ಮೇಲಿತ್ತು. ಬೀದಿ ಬಿಸಿಲಿನಲ್ಲಿ ಬೆಳಗುತ್ತಿತ್ತು. ಸೋತರೂ ಯಾಕೆ ತಟ್ಟಿದೆ ಅಂತ ಮಾಸ್ಟ್ರು ಅಳುಕುತ್ತ ಕೇಳಿದರು.

"ಇಷ್ಟು ದಿನ ಒಳಕೋಣೆಯವರು ಗೆದ್ದಾಗೆಲ್ಲ ನಾನು ಲೆಕ್ಕದಲ್ಲೇ ಇರಲಿಲ್ಲ. ಇವತ್ತು ಸೋತ ರಾಶಿಲಿ ನನ್ನ ಚೀಟಿನೂ ಎತ್ತಿ ತೋರಿಸಿದ್ರು ರೀ. ನನ್ನನ್ನೂ ಎಣಿಸಿದ್ರು."

ಹೇಳುವಾಗ ಆಕೆಯ ದನಿ ಒದ್ದೆಯಾಗಿತ್ತು, ಮುಖ ಮಾತ್ರ ನಗುತ್ತಿತ್ತು. ಮಾಸ್ಟ್ರಿಗೆ ತಾನು ಯಾರಿಗೆ ಹಾಕಿದೆನೆಂದು ಹೇಳಿಬಿಡುವ ಆಸೆಯಾಯಿತು. ಬಾಯಿ ತೆರೆಯುವಷ್ಟರಲ್ಲಿ ಟೈಲರಮ್ಮ ತಡೆದರು. ಪರದೆ ಹೊಲಿದವಳೇ ಇಣುಕಿದರೆ ಹೊಲಿದು ಏನು ಬಂತು ಅಂದರು. ನಾಲ್ಕು ಹೆಜ್ಜೆ ನಡೆದರು. ಹೆಣ್ಣುಜೀವ, ಅಲ್ಲ, ಯಾವ ಜೀವವಾದರೂ ಅಷ್ಟಕ್ಕೆ ಸುಮ್ಮನಿರುತ್ತದೆಯೇ?

"ಹೆಸರು ಬೇಡ. ಆದ್ರೆ ಒಳಗೆ ಅಷ್ಟೊತ್ತು ಏನ್ ಮಾಡ್ತಿದ್ರಿ?"

"ಯೋಚನೆ ಮಾಡ್ತಿದ್ದೆ ಕಣೇ," ಅಂದರು ಮಾಸ್ಟ್ರು. "ಇಷ್ಟು ವರ್ಷದ್ದು ಬಾಕಿ ಇತ್ತಲ್ಲ."